ಬೆರಳುದ್ದದ ಪೆಟ್ಟಿಗೆ

ಕೂಗಬಹುದೇ ಎಂದು ಕೇಳಿದ್ದೆ.
ದಾದಿಗೆ ಅರ್ಥವಾಗಲಿಲ್ಲ, ಅಥವಾ ಅರ್ಥವಾಗಿಯೇ
ಸೊಂಟದ ಬುಡಕ್ಕೊಂದು ಟೆನಿಸ್ ಚೆಂಡು ಒತ್ತಿ ಹಿಡಿದಳು.
ಪಕ್ಕದ ಕೋಣೆಯಲ್ಲೂ ಒಬ್ಬಳು ಹೆರುತ್ತಿದ್ದಳಂತೆ;
ಗೋಡೆಯಾಚೆ ಪಿಟ್ಟೆನ್ನಲಿಲ್ಲ.
ನಾನು ಕೂಗಿದೆ. ಇಗ್ಬೊ ಮಾತಲ್ಲಿ, ಅವ್ವನ ಹೆಸರು ಹಿಡಿದು,
ಕೊಶಿಗಯಾದ ಆ ಆಸ್ಪತ್ರೆಯಲ್ಲಿ
ಅಲ್ಲಿತನಕ ಯಾರೂ ಕರೆದಿರದ ಹೆಸರು ಹಿಡಿದು.

ಕನಾಯೊ ಆಗ ಗುಜರಿ ಅಂಗಳದಲ್ಲಿದ್ದ,
ಲಾಗೋಸಿಗೆ ಹೋಗುವ ಕಂಟೇನರಿಗೆಂದು
ಕಾರುಗಳ ಬಾಗಿಲು ಕಳಚುತ್ತ.
ಓಡಿಬಂದ. ಅಂಗೈ ತುಂಬ ಗ್ರೀಸು.
ಮಗಳನ್ನು ಮೊದಲ ಸಲ ಎತ್ತಿಕೊಂಡಿದ್ದು
ಎರಡು ಮೊಣಕೈಗಳಲ್ಲಿ.

ಮನೆಗೆ ಹೊರಟ ದಿನ ಸೂಲಗಿತ್ತಿ ತೊಕುನಾಗಾ
ಬಾಗಿ, ಎರಡೂ ಕೈಯಲ್ಲಿ ಕೊಟ್ಟಳು
ಬೆರಳುದ್ದದ ಮರದ ಪೆಟ್ಟಿಗೆ.
ಒಳಗೆ ಹತ್ತಿ. ಉದುರಿದ ಮೇಲೆ ಇದರಲ್ಲಿಡಿ ಎಂದಳು.
ಎಂಟನೆಯ ದಿನ ಉದುರಿತು ಹೊಕ್ಕುಳಬಳ್ಳಿ,
ಸುರುಟಿದ ಹುಣಸೆಯ ಚೂರಿನ ಹಾಗೆ.

ನಮ್ಮಲ್ಲಿ ಇದನ್ನು ಇಡುವುದಿಲ್ಲ, ಹೂಳುತ್ತೇವೆ,
ಮರದ ಬುಡದಲ್ಲಿ. ಜಗಳ ಜೋರಾದಾಗ ಕೇಳುವ ಮಾತು ಅದೇ:
ನಿನ್ನ ಬಳ್ಳಿ ಎಲ್ಲಿ ಹೂತಿದೆ, ಹೇಳು!
ಇಲ್ಲಿ ನಮಗಿರುವುದು ಮೂರನೆಯ ಮಹಡಿ,
ಬಾಲ್ಕನಿಯಲ್ಲೊಂದು ಮೆಣಸಿನ ಕುಂಡ;
ಬಾಡಿಗೆ ಕರಾರಿನಲ್ಲಿ ಕುಂಡದ ತೂಕಕ್ಕೂ ಒಂದು ಸಾಲು.
ಪಾಸ್‌ಪೋರ್ಟುಗಳ ಕೆಳಗೆ ಸರಿಸಿಟ್ಟೆ.

ಬಾಣಂತನಕ್ಕೆ ಅವ್ವ ಬರಬೇಕಿತ್ತು.
ವೀಸಾ ಎರಡು ಸಲ ಆಗಲಿಲ್ಲ.
ಅಕ್ಕಿ ಬೇಯಿಸುವ ಕುಕ್ಕರಿಗೆ ಫೋನು ಒರಗಿಸಿ
ಅಲ್ಲಿಂದಲೇ ಬಾಣಂತನ ಮಾಡಿದಳು:
ನೀರು ಇನ್ನೂ ಕಾಯಲಿ, ಇದೇನು ಹೂವಿಗೆ ಚಿಮುಕಿಸುವ ನೀರೇ?
ಒತ್ತು ಅಳಿಯಾ, ಹೊಟ್ಟೆ ಒತ್ತು,
ಮೆಲ್ಲಗೆ, ಅದು ಕಾರಲ್ಲ.
ಬಿಸಿ ಬಟ್ಟೆಯಡಿ ನಾನು ಅಳುತ್ತಿದ್ದೆ.
ಅವನೂ ಅಳುತ್ತಿದ್ದ. ಅವ್ವ ಮಾತ್ರ ಬೈಯುತ್ತಿದ್ದಳು.

ಹೆಸರು ಬರೆಸಲು ಹೋದೆವು. ಸೋಮಾದಿನಾ.
ಗುಮಾಸ್ತ ಚೌಕಗಳನ್ನು ಎಣಿಸಿ, ಅರ್ಥ ಕೇಳಿದ.
‘ನಾನೊಬ್ಬಳೇ ಆಗದಿರಲಿ’ ಎಂದೆ,
ಬರುವಷ್ಟು ಜಪಾನಿಯಲ್ಲಿ.
ಸ್ವಲ್ಪ ಹೊತ್ತು ಪೆನ್ನು ಎತ್ತಲಿಲ್ಲ. ಆಮೇಲೆ ಮೊಹರು ಒತ್ತಿದ.

ಏಳು ವರ್ಷ. ಒಂದು ಸಂಜೆ ಶಾಲೆಯಿಂದ ಬಂದವಳು
ಬ್ಯಾಗು ಎಸೆದು, ನೇರ ಆ ಖಾನೆಗೆ ಕೈಹಾಕಿದಳು.
ನಾಳೆ ಎಲ್ಲರೂ ತರಬೇಕಂತೆ ಅವರವರ ಬಳ್ಳಿ.
ಮಾರನೆಯ ದಿನ ಬಂದು ವರದಿ ಒಪ್ಪಿಸಿದಳು,
ನಾನು ಕ್ರಿಯಾಪದಕ್ಕೆ ಕಾಯುತ್ತ ಕೂರುವ ಆ ಭಾಷೆಯಲ್ಲಿ:
ಒಣಗಿದ ಮೇಲೆ ಎಲ್ಲರದೂ ಒಂದೇ ಬಣ್ಣ ಅಮ್ಮಾ.
ಕೂದಲು ಮುಟ್ಟಿ ನೋಡುತ್ತಿದ್ದ ಹುಡುಗನದೂ.

ಈ ಕ್ರಿಸ್‌ಮಸ್ಸಿಗೆ ಊರಿಗೆ ಒಯ್ಯೋಣ, ಎಂದ ಕನಾಯೊ,
ಅಜ್ಜನ ತಾಳೆಮರದ ಬುಡಕ್ಕೆ.
ಪೆಟ್ಟಿಗೆ ಬೆನ್ನ ಹಿಂದೆ ಹೋಯಿತು.
ಹೂತರೆ ಕೊಳೆಯುತ್ತೆ!
ಕೊಳೆಯಲಿ ಅಂತಲೇ ಹೂಳೋದು, ಎಂದವನು
ತನ್ನ ಮಾತಿಗೆ ತಾನೇ ಸುಮ್ಮನಾದ.

ನಾನು ಬಾಯಿ ಬಿಡಲಿಲ್ಲ.
ನನ್ನದನ್ನು ಹೂತಿದ್ದು ಒಂದು ಉಬೆ ಮರದಡಿ.
ರಸ್ತೆ ಅಗಲ ಮಾಡುವಾಗ ಮರ ಹೋಯಿತು;
ಈಗ ಅಲ್ಲಿ ಡಾಂಬರು,
ಸಿಮೆಂಟು ಲಾರಿಗಳು ಹಗಲಿಡೀ ನನ್ನ ಹೊಕ್ಕುಳ ಮೇಲೆ.
ಊರಲ್ಲಿ ಎಲ್ಲರಿಗೂ ಗೊತ್ತು.
ಎಲ್ಲಿ ಹೂತಿದೆ ಎಂದು
ಈಚೆಗೆ ಯಾರೂ ನನ್ನನ್ನು ಕೇಳುವುದಿಲ್ಲ.

ಭಾನುವಾರ ಅವ್ವನ ಫೋನು.
ಅಜ್ಜಿ ಮೊಮ್ಮಗಳ ನಡುವೆ ಇರುವುದು ಹತ್ತೋ ಹನ್ನೆರಡೋ ಶಬ್ದ:
ಉಂಡೆಯಾ, ಬಾ, ನೀರು, ಚೆನ್ನಾಗಿದ್ದೀಯಾ.
ಅವು ಮುಗಿದವು.
ಸೋಮಾದಿನಾ ಪೆಟ್ಟಿಗೆ ತಂದು
ಫೋನಿನ ಬಾಯಿಗೆ ಹಿಡಿದು ಅಲ್ಲಾಡಿಸಿದಳು,
ಗಿಲಿಗಿಲಿ, ಒಣಬೀಜದ ಸದ್ದು.

ಅದೇನದು, ಎಂದಳು ಅವ್ವ.
ನಾನು, ಎಂದಳು ಇವಳು.
ಏನು? ಇನ್ನೊಮ್ಮೆ, ಜೋರಾಗಿ,
ಇಲ್ಲಿ ಜನರೇಟರು ಹಾಕಿದ್ದಾರೆ, ಏನೂ ಕೇಳಿಸುತ್ತಿಲ್ಲ.